ಪಾಂಜರಪೋಳಗಳ ಇತಿಹಾಸ ಮತ್ತು ಶ್ರಾವಕರ ಹೊಣೆ

ಇಪ್ಪತ್ತೆರಡನೆಯ ತೀರ್ಥಂಕರರಾದ ನೇಮಿನಾಥ ಸ್ವಾಮಿಯ ಚರಿತೆಯನ್ನು ಕೇಳದ ಜೈನ ಮನೆ ಇರಲಾರದು. ವಿವಾಹಕ್ಕೆಂದು ರಥವೇರಿ ಹೊರಟ ಸ್ವಾಮಿಯ ಕಿವಿಗೆ, ದೊಡ್ಡಿಯೊಂದರಲ್ಲಿ ಕೂಡಿಹಾಕಿದ್ದ ಮೃಗಗಳ ಆರ್ತನಾದವು ಬಿದ್ದಿತು. ಅವರು ರಥವನ್ನು ನಿಲ್ಲಿಸಿ ಕಾರಣವನ್ನು ವಿಚಾರಿಸಿದರು. ವಿಷಯ ತಿಳಿದೊಡನೆ ರಾಜಮತಿಯನ್ನೂ ರಾಜ್ಯಭೋಗವನ್ನೂ ತೊರೆದು ಊರ್ಜಯಂತ ಗಿರಿಯನ್ನೇರಿದರು. ಇದನ್ನು ವೈರಾಗ್ಯದ ಕಥೆಯೆಂದು ನಾವು ಓದುತ್ತೇವೆ, ಅದು ಸರಿಯೇ. ಆದರೆ ಅದರಲ್ಲಿ ಇನ್ನೊಂದು ಮಾತೂ ಅಡಗಿದೆ. ಬೇಲಿಯ ಹಿಂದಿನಿಂದ ಬಂದ ಆ ಕೂಗನ್ನು ದಿಬ್ಬಣದಲ್ಲಿ ನಡೆದವರೆಲ್ಲರೂ ಕೇಳಿರಬೇಕು. ನಿಂತು ವಿಚಾರಿಸಿದವರು ಅವರೊಬ್ಬರೇ.

ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಜೀವದಯಾ ಸಂಸ್ಥೆಗಳ ಇತಿಹಾಸವನ್ನು ಕುರಿತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಸೂಚಿಸಿದರು. ನಾನು ಪಂಡಿತನಲ್ಲ. ಹತ್ತನೆಯ ತರಗತಿಯ ಆಚೆ ಓದಿದವನೂ ಅಲ್ಲ. ಅಂಗಡಿಯಲ್ಲಿ ಕುಳಿತು ಜಮಾ-ಖರ್ಚು ಬರೆಯುವವನು. ಆದರೂ ಕೆಲವು ವರ್ಷಗಳಿಂದ ಬಿಡುವಿನ ದಿನಗಳಲ್ಲಿ ಪ್ರಾಣಿಗಳ ಆಶ್ರಯಾಲಯಕ್ಕೆ ಸೇವೆಗೆಂದು ಹೋಗುತ್ತ ಬಂದಿರುವುದರಿಂದ, ಓದಿ ತಿಳಿದುದನ್ನೂ ಕಂಡು ತಿಳಿದುದನ್ನೂ ಸೇರಿಸಿ ಧರ್ಮಬಂಧುಗಳ ಮುಂದಿಡುತ್ತಿದ್ದೇನೆ.

ನೇಮಿನಾಥ ಸ್ವಾಮಿಯು ನಿರ್ವಾಣ ಹೊಂದಿದ ಆ ಊರ್ಜಯಂತವೇ ಇಂದಿನ ಗಿರನಾರ. ಆ ಬೆಟ್ಟದ ತಪ್ಪಲಿನಲ್ಲಿ ಕ್ರಿ.ಪೂ. ಮೂರನೆಯ ಶತಮಾನದ ಅಶೋಕ ಚಕ್ರವರ್ತಿಯ ಶಾಸನಗಳಿರುವ ಬಂಡೆಯೊಂದಿದೆ. ಅವುಗಳಲ್ಲಿ ಎರಡನೆಯ ಶಾಸನವು ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದುದನ್ನು ಹೇಳುತ್ತದೆ. ಔಷಧಿಯ ಗಿಡಮೂಲಿಕೆಗಳು ಇಲ್ಲದ ಕಡೆಗೆ ಅವುಗಳನ್ನು ತರಿಸಿ ನೆಡಿಸಿದುದನ್ನೂ, ದಾರಿಗಳಲ್ಲಿ ಬಾವಿಗಳನ್ನು ತೋಡಿಸಿ ಮರಗಳನ್ನು ಬೆಳೆಸಿದುದನ್ನೂ ಅಲ್ಲಿ ಕಾಣಬಹುದು. ಕೊಲ್ಲಬೇಡಿರೆಂದು ಹೇಳಿ ಸುಮ್ಮನಾಗದೆ ಮದ್ದು, ನೀರು, ನೆರಳು ಎಂಬ ಮೂರನ್ನೂ ಒದಗಿಸಿದ ದಯೆ ಇದು.

ನಮ್ಮ ಕನ್ನಡ ನಾಡಿನಲ್ಲಿಯೂ ಇದೇ ವಿವೇಕವು ಕಾಣುತ್ತದೆ. ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಚಾಳುಕ್ಯ ರಾಜವಂಶದ ಕೀರ್ತಿವರ್ಮನೆಂಬ ಜೈನ ಕವಿಯು ದನಗಳ ರೋಗ ಮತ್ತು ಚಿಕಿತ್ಸೆಗಳನ್ನು ಕುರಿತು ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. ಅರಮನೆಯಲ್ಲಿ ಹುಟ್ಟಿದವನೊಬ್ಬನು ಕೊಟ್ಟಿಗೆಯ ಕೆಲಸಕ್ಕೆ ಬೇಕಾದ ಪುಸ್ತಕವನ್ನು ಬರೆದನೆಂಬುದು ನಮ್ಮ ಸಮಾಜವು ಮರೆಯಬಾರದ ಸಂಗತಿ. ಅದೇ ಶತಮಾನದಲ್ಲಿ ಗುಜರಾತಿನಲ್ಲಿ ಹೇಮಚಂದ್ರಾಚಾರ್ಯರ ಶಿಷ್ಯನಾದ ಕುಮಾರಪಾಲ ಮಹಾರಾಜನು ಪ್ರಾಣಿವಧೆಯನ್ನು ನಿಷೇಧಿಸಿದನು. ಅರಸನ ಆಜ್ಞೆ ಅರಸನೊಡನೆ ಹೋಯಿತು. ಆದರೆ ಆ ಸೀಮೆಯ ವರ್ತಕರ ಮನಸ್ಸಿನಲ್ಲಿ ಅದರ ಬೀಜವು ಉಳಿಯಿತು.

ಆ ಬೀಜದಿಂದ ಬೆಳೆದುದೇ ಪಾಂಜರಪೋಳ. ಪಂಜರವೆಂದರೆ ಗೂಡು, ಪೋಳವೆಂದರೆ ಗುಜರಾತಿನ ಊರುಗಳಲ್ಲಿ ಹೆಬ್ಬಾಗಿಲು ಇರುವ ಕೇರಿ. ನಮ್ಮ ಮೈಸೂರಿನ ಕಡೆ ಇದನ್ನೇ ಪಿಂಜರಾಪೋಲ್ ಎನ್ನುತ್ತಾರೆ. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿರುವ ಸಂಸ್ಥೆಯನ್ನು ಅನೇಕರು ನೋಡಿರಬಹುದು. ಗೋಶಾಲೆಯು ಗೋವುಗಳಿಗೆ ಮೀಸಲಾದರೆ ಪಾಂಜರಪೋಳವು ಕುಂಟ ಕುದುರೆ, ಮುದಿ ಎತ್ತು, ಗಾಯಗೊಂಡ ಹಕ್ಕಿ, ಬೀದಿಯ ನಾಯಿ ಎಂಬ ಭೇದವಿಲ್ಲದೆ ಎಲ್ಲ ಜೀವಿಗಳಿಗೂ ತೆರೆದ ಬಾಗಿಲು. ಮನುಷ್ಯನಿಗೆ ಇನ್ನು ಪ್ರಯೋಜನವಿಲ್ಲವೆಂದು ತೀರ್ಮಾನವಾದ ಪ್ರಾಣಿಯನ್ನೂ ಕೊನೆಯ ಉಸಿರಿನವರೆಗೆ ಸಾಕುವುದೇ ಅದರ ನೇಮ.

ಈ ಆಲಯಗಳನ್ನು ಕಂಡು ವಿದೇಶೀ ಯಾತ್ರಿಕರು ಬೆರಗಾದರು. 1580ರ ದಶಕದಲ್ಲಿ ಬಂದ ಇಂಗ್ಲೆಂಡಿನ ರಾಲ್ಫ್ ಫಿಚ್ ಎಂಬವನು ಖಂಭಾತದಲ್ಲಿ ಕುಂಟ ನಾಯಿ, ಬೆಕ್ಕು ಹಾಗೂ ಹಕ್ಕಿಗಳಿಗೆಂದು ಆಸ್ಪತ್ರೆಗಳಿರುವುದನ್ನು ಬರೆದಿಟ್ಟನು. 1623ರಲ್ಲಿ ಅದೇ ಊರಿಗೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಯಾತ್ರಿಕನು ಕಂಡ ದೃಶ್ಯವೊಂದು ಓದಿದವರ ಮನಸ್ಸಿನಿಂದ ಮಾಸುವಂತಹುದಲ್ಲ. ತಾಯಿಯಿಲ್ಲದ ಇಲಿಮರಿಗಳನ್ನು ಹತ್ತಿಯೊಳಗೆ ಬೆಚ್ಚಗಿಟ್ಟು, ಬಿಳಿಯ ಗಡ್ಡದ ವೃದ್ಧನೊಬ್ಬನು ಮೂಗಿನ ಮೇಲೆ ಕನ್ನಡಕವನ್ನು ಧರಿಸಿ, ಹಕ್ಕಿಯ ಗರಿಯಿಂದ ಅವುಗಳಿಗೆ ಹಾಲು ಕುಡಿಸುತ್ತಿದ್ದನಂತೆ. ಸೂರತ್ತಿನ ಬನಿಯರ ಆಸ್ಪತ್ರೆಯ 1772ರ ಸ್ಥಿತಿಯನ್ನು ಹೇಳುವ ಬರಹದಲ್ಲಿ ಕುದುರೆ, ಎತ್ತು, ಮೇಕೆ, ಕೋತಿ, ಪಾರಿವಾಳಗಳ ಜೊತೆಗೆ, ಎಪ್ಪತ್ತೈದು ವರ್ಷಗಳಿಂದ ಅಲ್ಲಿಯೇ ಇದ್ದ ಮುದಿ ಆಮೆಯೊಂದರ ಉಲ್ಲೇಖವಿದೆ. ಆ ಸಂಸ್ಥೆಗಳಿಗೆ ಹಣವಿತ್ತ ಸೇಠರ ಹೆಸರು ಕೆಲವು ಉಳಿದಿವೆ. ಗರಿಯಿಂದ ಹಾಲು ಕುಡಿಸಿದ ವೃದ್ಧನ ಹೆಸರು ಉಳಿದಿಲ್ಲ. ಆದರೆ ನಾಲ್ಕು ನೂರು ವರ್ಷಗಳ ಮೇಲೂ ಆ ಆಸ್ಪತ್ರೆಯ ಕೀರ್ತಿ ನಿಂತಿರುವುದು ಅವನ ಕೈಕೆಲಸದಿಂದ.

1832ರಲ್ಲಿ ಮುಂಬಯಿಯ ಸರಕಾರವು ಬೀದಿನಾಯಿಗಳನ್ನು ಕೊಲ್ಲಿಸಹೊರಟಾಗ ಕೋಟೆಯ ಪ್ರದೇಶದಲ್ಲಿ ಪಾರಸಿಗಳು ಮೊದಲುಗೊಂಡು ಜನರು ಎದ್ದುನಿಂತರು, ಗಲಭೆಯೇ ಆಯಿತು. ಅದಾದ ಎರಡು ವರ್ಷಗಳಲ್ಲಿ, 1834ರಲ್ಲಿ, ಜೈನ ವರ್ತಕರಾದ ಮೋತೀಚಂದ ಅಮೀಚಂದ ಸೇಠರು ಹಾಗೂ ಪಾರಸಿ ಧನಿಕರಾದ ಜಮಶೇಟ್‌ಜಿ ಜೀಜೀಭಾಯಿಯವರು ಮುಂದಾಳಾಗಿ ಮುಂಬಯಿ ಪಾಂಜರಪೋಳವನ್ನು ಸ್ಥಾಪಿಸಿದರು. ಕೊಲ್ಲಬೇಡಿರೆಂದು ಕೂಗುವುದು ಒಂದು; ಕೊಲ್ಲದೆ ಉಳಿಸಿದ ಜೀವಗಳ ಹೊರೆಯನ್ನು ತಾವೇ ಹೊರುವುದು ಇನ್ನೊಂದು. ಈ ಎರಡನೆಯದಕ್ಕೆ ಅವರು ಹೆಗಲು ಕೊಟ್ಟರು. ನಮ್ಮ ಪೇಟೆಗಳಲ್ಲಿ ಧರ್ಮಾದಾಯವೆಂದು ತೆಗೆದಿಡುವಂತೆ, ಅಲ್ಲಿಯ ವರ್ತಕರು ತಮ್ಮ ವ್ಯಾಪಾರದ ಸರಕಿನ ಮೇಲೆ ತಾವೇ ಒಂದು ಲಾಗಾ ಹಾಕಿಕೊಂಡು ಈ ಸಂಸ್ಥೆಯನ್ನು ನಡೆಸಿದರು. ಒಂದು ದಿನದ ಉತ್ಸಾಹದ ದಾನವನ್ನು ನೆಚ್ಚದೆ ನಿತ್ಯದ ಆದಾಯವನ್ನು ಕಟ್ಟಿದುದು ಅವರ ವ್ಯಾಪಾರೀ ಬುದ್ಧಿಯ ಹಿರಿಮೆ.

ಮುಂದೆ ಅದೇ ನಗರದಲ್ಲಿ 1874ರಲ್ಲಿ ಪ್ರಾಣಿಹಿಂಸಾ ನಿವಾರಣ ಸಂಘವು ಹುಟ್ಟಿತು. ದಿನ್‌ಶಾ ಮಾಣೆಕ್‌ಜಿ ಪೆಟಿಟ್ ಅವರ ದಾನದಿಂದ ಪರೇಲಿನಲ್ಲಿ ಪ್ರಾಣಿಗಳ ಆಸ್ಪತ್ರೆಯು ಎದ್ದಿತು. ಅಲ್ಲಿಯೇ 1886ರಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು. ದಿಲ್ಲಿಯಲ್ಲಿ ನಮ್ಮ ದಿಗಂಬರ ಸಮಾಜದವರು 1929ರಲ್ಲಿ ಆರಂಭಿಸಿದ ಪಕ್ಷಿಗಳ ಆಸ್ಪತ್ರೆಯು ಇಂದು ಕೆಂಪು ಕೋಟೆಯ ಎದುರಿನ ಲಾಲ್ ಮಂದಿರದ ಆವರಣದಲ್ಲಿ ನಡೆಯುತ್ತಿದೆ. ಬಸದಿಯ ಆವರಣದಲ್ಲಿಯೇ ಆಸ್ಪತ್ರೆ! ಪೂಜೆಗೆ ಬಂದವನು ಅಲ್ಲಿಯ ಹಕ್ಕಿಗಳನ್ನು ಕಾಣದೆ ಹೋಗುವುದು ಕಷ್ಟ.

ಇಷ್ಟು ಹೇಳಿ ನಿಲ್ಲಿಸಿದರೆ ಇತಿಹಾಸವು ಹೊಗಳಿಕೆಯಾದೀತು. ಇದರ ಇನ್ನೊಂದು ಮುಖವನ್ನೂ ಹೇಳದೆ ವಿಧಿಯಿಲ್ಲ. ಸಾಕಲಾಗುವುದಕ್ಕಿಂತ ಹೆಚ್ಚು ಪ್ರಾಣಿಗಳನ್ನು ಒಳಗೆ ಸೇರಿಸುವುದು, ರೋಗದ ದನವನ್ನೂ ಆರೋಗ್ಯದ ದನವನ್ನೂ ಒಂದೇ ಕಡೆ ಕಟ್ಟುವುದು, ನುರಿತ ವೈದ್ಯರಿಲ್ಲದಿರುವುದು ಎಂಬ ದೋಷಗಳು ಇಂತಹ ಸಂಸ್ಥೆಗಳನ್ನು ಹಿಂದಿನಿಂದಲೂ ಕಾಡಿವೆ. ಇದನ್ನು ಅತ್ಯಂತ ನಿಷ್ಠುರವಾಗಿ ಹೇಳಿದವರು ಮಹಾತ್ಮ ಗಾಂಧಿಯವರು. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ ದಿನಗಳಲ್ಲಿಯೇ ಅವರು ಅಲ್ಲಿ ನಡೆದ ಗೋರಕ್ಷಣಾ ಪರಿಷತ್ತಿಗೂ ಅಧ್ಯಕ್ಷರಾಗಿದ್ದರು. ಗೋರಕ್ಷಣೆಯೆಂದರೆ ಅನ್ಯರೊಡನೆ ಜಗಳವಲ್ಲ, ತಮ್ಮ ಕೈಯಲ್ಲಿರುವ ದನವನ್ನು ಚೆನ್ನಾಗಿ ಸಾಕುವುದು ಎಂಬುದು ಅವರ ನಿಲುವು. ಪಾಂಜರಪೋಳಗಳು ಊರೊಳಗಿನ ಇಕ್ಕಟ್ಟಿನಿಂದ ಹೊರಗಿನ ವಿಶಾಲ ಬಯಲಿಗೆ ಹೋಗಬೇಕು, ತಿಳಿದವರ ಕೈಯಲ್ಲಿ ನಡೆಯಬೇಕು ಎಂದು ಅವರು ಮತ್ತೆ ಮತ್ತೆ ಬರೆದರು. 1927ರಲ್ಲಿ ಬೆಂಗಳೂರಿನಲ್ಲಿ ವಿಶ್ರಾಂತಿಯಲ್ಲಿದ್ದಾಗ ಅಲ್ಲಿಯ ಸರಕಾರೀ ಹೈನುಗಾರಿಕೆ ಸಂಸ್ಥೆಗೆ ಹೋಗಿ ದನಗಳ ಪಾಲನೆಯನ್ನು ವಿದ್ಯಾರ್ಥಿಯಂತೆ ಕಲಿತರು; ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತನೆಂದು ಬರೆದುಕೊಂಡರು. ದೇಶವೇ ಮಹಾತ್ಮನೆಂದು ಕರೆದವರು, ದಯೆಯೊಂದೇ ಸಾಲದು, ತಿಳಿವಳಿಕೆಯೂ ಬೇಕೆಂದು ಅಲ್ಲಿಗೆ ಹೋದರು.

ಆ ದೋಷಗಳು ಹಿಂದಿನ ಕಾಲಕ್ಕೆ ಮುಗಿದುವೆನ್ನುವಂತಿಲ್ಲ. 2016ರ ಮಳೆಗಾಲದಲ್ಲಿ ಜಯಪುರದ ಹಿಂಗೋನಿಯಾ ಗೋಶಾಲೆಯಲ್ಲಿ ನೂರಾರು ಹಸುಗಳು ಕೆಸರು-ಸಗಣಿಯಲ್ಲಿ ಹೂತು, ಮೇವಿಲ್ಲದೆ ಸತ್ತುದನ್ನು ದೇಶವೆಲ್ಲ ಪತ್ರಿಕೆಗಳಲ್ಲಿ ಓದಿತು. ಸಂಬಳ ಬಾರದೆ ಕೆಲಸಗಾರರು ಮುಷ್ಕರ ಹೂಡಿದ್ದುದು ಅದಕ್ಕೆ ಒಂದು ಕಾರಣವಾಗಿತ್ತು. ಸಗಣಿ ಬಾಚುವವನ ಕೂಲಿಯನ್ನು ಮರೆತ ಗೋಸೇವೆಯ ಫಲ ಇದು.

ನಾನು ಸೇವೆಗೆ ಹೋಗುವ ಆಶ್ರಯಾಲಯವು ಅಷ್ಟು ಕೆಟ್ಟುದಾಗಿರಲಿಲ್ಲ. ಅದರ ಹೆಸರು ಇಲ್ಲಿ ಅನಾವಶ್ಯಕ. ನಾವು ಎಂಟು-ಹತ್ತು ಮಂದಿ, ಅದರಲ್ಲಿ ಹೆಚ್ಚಿನವರು ಕಾಲೇಜಿನ ಹುಡುಗ ಹುಡುಗಿಯರು, ಭಾನುವಾರಗಳಂದು ಹೋಗಿ ಕೊಟ್ಟಿಗೆ ತೊಳೆಯುವುದು, ಮೇವು ಹಾಕುವುದು, ಗಾಯಕ್ಕೆ ಮದ್ದು ಹಚ್ಚುವುದು ಮಾಡುತ್ತಿದ್ದೆವು. ಕಛೇರಿಯ ಗೋಡೆಯ ತುಂಬ ದಾನಿಗಳ ಹೆಸರಿನ ಅಮೃತಶಿಲೆಯ ಫಲಕಗಳಿದ್ದುವು. ಕೊಟ್ಟಿಗೆಯಲ್ಲಿಯೋ ಐವತ್ತು ದನಗಳ ಜಾಗದಲ್ಲಿ ನೂರಕ್ಕೂ ಹೆಚ್ಚು ದನಗಳು. ಗೋದಲಿಯಲ್ಲಿ ಮೇವು ಇರುತ್ತಿತ್ತು. ಆದರೆ ಬಲವಾದುವು ನುಗ್ಗಿ ತಿಂದು, ಬಡಕಲಾದುವು ಹಿಂದೆ ನಿಂತು ನೋಡುತ್ತಿದ್ದುವು. ಕೆಲವಕ್ಕೆ ಮಲಗಲೂ ಬಾರದಷ್ಟು ಗಿಡ್ಡ ಹಗ್ಗ. ಹುಟ್ಟುಹಬ್ಬ, ಪುಣ್ಯತಿಥಿ ಎಂದು ಬಂದ ದಾನಿಗಳು ಬುಟ್ಟಿಗಟ್ಟಲೆ ಅನ್ನ, ಪಾಯಸ, ಬೆಲ್ಲವನ್ನು ತಿನ್ನಿಸಿ ಫೋಟೋ ತೆಗೆಸಿಕೊಂಡು ಹೋಗುವರು. ಮರುದಿನ ಹೊಟ್ಟೆ ಉಬ್ಬರಿಸಿ ಒಂದೆರಡು ದನಗಳು ಬೀಳುವುವು. ಅನ್ನವು ಹೊಟ್ಟೆಯಲ್ಲಿ ಹುಳಿಯಾಗಿ ಮೆಲುಕು ಹಾಕುವ ಪ್ರಾಣಿಯ ಜೀವವನ್ನೇ ತೆಗೆಯಬಲ್ಲುದೆಂದು ಪಶುವೈದ್ಯರು ಹೇಳಿದ ಮೇಲೆಯೇ ನಮಗೆ ತಿಳಿದುದು. ಎಷ್ಟು ಬಂದುವು, ಎಷ್ಟು ಸತ್ತುವು ಎಂಬುದಕ್ಕೆ ಲೆಕ್ಕದ ಪುಸ್ತಕವೇ ಇರಲಿಲ್ಲ.

ಇದನ್ನು ಆಡಳಿತ ಸಮಿತಿಯ ಮುಂದೆ ಹೇಳಿದಾಗ ಹಿರಿಯರೊಬ್ಬರು, “ತಾವು ಸೇವೆಗೆ ಬಂದಿರೋ, ತನಿಖೆಗೆ ಬಂದಿರೋ?” ಎಂದು ಕೇಳಿದರು. ಇನ್ನೊಬ್ಬರು ಮೆಲ್ಲಗೆ, “ಯಜಮಾನರೇ, ಈ ಮಾತು ಹೊರಗೆ ಹೋದರೆ ದಾನ ನಿಲ್ಲುತ್ತದೆ. ದಾನ ನಿಂತರೆ ಸಾಯುವುವು ಈ ದನಗಳೇ” ಎಂದರು. ಇತ್ತ ನಮ್ಮ ಜೊತೆಯ ವಿದ್ಯಾರ್ಥಿನಿಯೊಬ್ಬಳು ಸತ್ತ ಕರುವಿನ ಚಿತ್ರವನ್ನು ಎಲ್ಲರಿಗೂ ಕಳುಹಿಸಿಬಿಡುತ್ತೇನೆಂದು ಕಣ್ಣೀರು ತಂದುಕೊಂಡಳು. ಇಬ್ಬರ ಮಾತಿನಲ್ಲಿಯೂ ದನಗಳ ಮೇಲಿನ ಕಾಳಜಿಯಿತ್ತು. ಸಮಿತಿಯವರು ಕೆಟ್ಟವರೂ ಅಲ್ಲ. ಹಲವರು ಕೈಯಿಂದ ಹಣ ಹಾಕಿ ಆ ಸಂಸ್ಥೆಯನ್ನು ಉಳಿಸಿದವರು.

ಇಂತಹ ಸಂದಿಗ್ಧದಲ್ಲಿ ನಮ್ಮ ಶಾಸ್ತ್ರವು ಏನು ಹೇಳುತ್ತದೆಂದು ನೋಡುವುದು ಯುಕ್ತ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ: ಕಟ್ಟಿಹಾಕುವ ಬಂಧ, ಹೊಡೆಯುವ ವಧ, ಅಂಗಗಳನ್ನು ಕತ್ತರಿಸುವ ಛೇದ, ಮಿತಿಮೀರಿ ಹೊರಿಸುವ ಅತಿಭಾರಾರೋಪಣ, ಮೇವು-ನೀರನ್ನು ತಡೆಯುವ ಅನ್ನಪಾನನಿರೋಧ. ಇವುಗಳಲ್ಲಿ ಕೊಲ್ಲುವ ಮಾತೇ ಇಲ್ಲ! ಕೊಲ್ಲದೆಯೂ ಶ್ರಾವಕನ ವ್ರತವು ಕೆಡಬಹುದೆಂದು ಆಚಾರ್ಯರು ತಿಳಿದಿದ್ದರು. ಗಿಡ್ಡ ಹಗ್ಗವು ಬಂಧವಲ್ಲವೆ? ಬಡಕಲು ದನವು ಗೋದಲಿಗೆ ಸೇರಲಾರದಂತೆ ಬಿಟ್ಟುದು ಅನ್ನಪಾನನಿರೋಧವಲ್ಲವೆ? ಕಟುಕನ ಕೈಯಿಂದ ಬಿಡಿಸಿ ತಂದೆವೆಂಬ ಪುಣ್ಯವು ಈ ಅತಿಚಾರಗಳನ್ನು ತೊಳೆಯುವುದೆಂದು ಯಾವ ಗ್ರಂಥದಲ್ಲಿಯೂ ನಾನು ಓದಿಲ್ಲ.

ಆಶ್ಚರ್ಯವೆಂದರೆ, ಭಾರತ ಸರಕಾರದ 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ ಹನ್ನೊಂದನೆಯ ಕಲಮೂ ಹೆಚ್ಚು ಕಡಿಮೆ ಇದೇ ಪಟ್ಟಿಯನ್ನು ಕೊಡುತ್ತದೆ: ಹೊಡೆಯುವುದು, ಮಿತಿಮೀರಿದ ಹೊರೆ, ಗಿಡ್ಡ ಅಥವಾ ಭಾರವಾದ ಹಗ್ಗ-ಸರಪಳಿ, ಅಂಗಛೇದ, ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದು. ರಾಜ್ಯಸಭೆಯಲ್ಲಿ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್ ಅವರು 1953ರಲ್ಲಿ ಮಂಡಿಸಿದ ಮಸೂದೆಯೇ ಈ ಕಾಯಿದೆಗೆ ದಾರಿಯಾಯಿತು. 1962ರಲ್ಲಿ ಸ್ಥಾಪನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆಯಾದರು. ಆದರೆ ಮೊದಲ ಸಲದ ಅಪರಾಧಕ್ಕೆ ಆ ಕಾಯಿದೆಯು ವಿಧಿಸಿದ ದಂಡವು 10ರಿಂದ 50 ರೂಪಾಯಿ ಮಾತ್ರ. ಕಾಯಿದೆಯ ಚಾಟಿಯು ಇಷ್ಟು ಮೆದುವಾಗಿರುವಾಗ ವ್ರತದ ಚಾಟಿಯನ್ನು ನಾವೇ ಹಿಡಿಯಬೇಕಾಗುತ್ತದೆ.

ಇನ್ನು ದೋಷವನ್ನು ಹೊರಗೆ ಹೇಳಬಾರದೆಂಬ ಮಾತು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಧರ್ಮಮಾರ್ಗದಲ್ಲಿರುವವರ ಕುಂದನ್ನು ಬಯಲಿಗೆಳೆಯದಿರುವುದೇ ಅದು. ಅದಕ್ಕೆ ನಿದರ್ಶನವಾಗಿ ಸಮಂತಭದ್ರಾಚಾರ್ಯರು ಹೆಸರಿಸುವುದು ಜಿನೇಂದ್ರಭಕ್ತನೆಂಬ ಶ್ರೇಷ್ಠಿಯನ್ನು, ನಮ್ಮಂತೆ ವ್ಯಾಪಾರಿ. ಕ್ಷುಲ್ಲಕನ ವೇಷದಲ್ಲಿ ಬಂದ ಕಳ್ಳನೊಬ್ಬನು ಅವನ ಚೈತ್ಯಾಲಯದ ವೈಡೂರ್ಯವನ್ನು ಕದ್ದು ಓಡುವಾಗ ಸಿಕ್ಕಿಬಿದ್ದನು. ಶ್ರೇಷ್ಠಿಯು ಜನರ ಮುಂದೆ, ತಾನು ಹೇಳಿದುದರಿಂದಲೇ ಅವನು ಅದನ್ನು ತಂದನೆಂದು ಹೇಳಿ ಧರ್ಮದ ಮಾನವನ್ನು ಕಾಯ್ದನು. ಇಲ್ಲಿಯವರೆಗಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಕಥೆಯು ಅಲ್ಲಿಗೆ ಮುಗಿಯುವುದಿಲ್ಲ. ಆ ಬಳಿಕ ಅವನು ಕಳ್ಳನನ್ನು ಏಕಾಂತದಲ್ಲಿ ಗದರಿಸಿ ಹೊರಗೆ ಅಟ್ಟಿದನು. ರತ್ನವನ್ನು ಕಳ್ಳನ ಕೈಯಲ್ಲಿಯೇ ಬಿಟ್ಟು ಬಾಯಿ ಮುಚ್ಚಿಕೊಂಡಿದ್ದರೆ ಅದು ಉಪಗೂಹನವಾಗುತ್ತಿರಲಿಲ್ಲ. ಅದಕ್ಕಾಗಿಯೇ ಉಪಗೂಹನದ ಜೊತೆಗೆ, ಜಾರಿದವರನ್ನು ಮತ್ತೆ ದಾರಿಗೆ ನಿಲ್ಲಿಸುವ ಸ್ಥಿತಿಕರಣವನ್ನೂ ಹೇಳಿದೆ. ಮೊದಲನೆಯದನ್ನು ಮಾತ್ರ ಪಾಲಿಸಿ ಎರಡನೆಯದನ್ನು ಬಿಟ್ಟರೆ ಆ ಮೌನಕ್ಕೆ ಬೆಲೆ ತೆರುವುದು ಬಾಯಿಲ್ಲದ ಜೀವ.

ನಾವು ಈ ಮಾರ್ಗವನ್ನೇ ಹಿಡಿದೆವು. ಚಿತ್ರಗಳನ್ನು ಊರಿಗೆಲ್ಲ ತೋರಿಸಲಿಲ್ಲ. ಆದರೆ ಸಮಿತಿಯ ಪ್ರತಿ ಸಭೆಗೂ ಹೋಗಿ ಅದೇ ನಾಲ್ಕು ಬೇಡಿಕೆಗಳನ್ನು ಮುಂದಿಟ್ಟೆವು. ಇಂತಿಷ್ಟು ತಿಂಗಳಲ್ಲಿ ಆಗದಿದ್ದರೆ ಸರಕಾರದ ಪಶುವೈದ್ಯಾಧಿಕಾರಿಗಳನ್ನು ಕರೆಯುವೆವೆಂದೂ ಮುಚ್ಚುಮರೆಯಿಲ್ಲದೆ ತಿಳಿಸಿದೆವು. ಬಡಕಲು ದನಗಳಿಗೆ ಬೇರೆ ಕಟ್ಟೆ, ಹೊರಗಿನಿಂದ ತಂದ ದನಗಳನ್ನು ಕೆಲವು ದಿನ ಬೇರೆಯಾಗಿ ಇಡುವುದು, ಕೆಲಸಗಾರರಿಗೆ ತಿಂಗಳು ಮುಗಿದೊಡನೆ ಸಂಬಳ, ಆವಕ-ಜಾವಕದ ಪುಸ್ತಕ. ಒಂದು ವರ್ಷ ಹಿಡಿಯಿತು. ಸಮಿತಿಯವರೊಬ್ಬರು ಇಂದಿಗೂ ನನ್ನೊಡನೆ ಮಾತನಾಡುವುದಿಲ್ಲ. ಪುಸ್ತಕ ಬಂದ ವರ್ಷ ಸಾವಿನ ಸಂಖ್ಯೆಯು ಹೆಚ್ಚಾಗಿ ಕಂಡಿತು. ಏಕೆಂದರೆ ಅದುವರೆಗೆ ಅದನ್ನು ಬರೆದವರೇ ಇರಲಿಲ್ಲ. ಮುದಿ ದನಗಳು ಈಗಲೂ ಸಾಯುತ್ತವೆ. ಆದರೆ ಹಸಿದು ಸಾಯುವುದು, ಕಟ್ಟಿದಲ್ಲಿಯೇ ಉರುಳಿ ಸಾಯುವುದು ಬಹುಮಟ್ಟಿಗೆ ನಿಂತಿದೆ. ಕಣ್ಣೀರು ತಂದುಕೊಂಡ ಆ ಹುಡುಗಿಯೇ ಈಗ ಆ ಪುಸ್ತಕವನ್ನು ಬರೆಯುತ್ತಾಳೆ.

ಧರ್ಮಬಂಧುಗಳಲ್ಲಿ ನನ್ನ ಬಿನ್ನಹವು ಇಷ್ಟೆ. ಕರ್ನಾಟಕದಲ್ಲಿ ಜಾನುವಾರು ಹತ್ಯೆಯ ನಿಷೇಧವು 2021ರಿಂದ ಬಿಗಿಯಾಗಿದೆ. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಗಂಡುಕರುಗಳನ್ನು ಸಾಕುವವರು ಕಡಿಮೆಯಾಗಿದ್ದಾರೆ. ಆಶ್ರಯಾಲಯಗಳ ಬಾಗಿಲಿಗೆ ಬರುವ ಜೀವಗಳ ಹೊಣೆಯು ಹಗುರವಾಗುವ ಕಾಲವಿದಲ್ಲ. ಸುಮಾರು 300 ಕಿಲೋ ತೂಕದ ದನಕ್ಕೆ ದಿನಕ್ಕೆ ಏಳೆಂಟು ಕಿಲೋ ಒಣ ಮೇವಿನಷ್ಟು ಆಹಾರವೂ, ಮೂವತ್ತು-ನಲವತ್ತು ಲೀಟರ್ ನೀರೂ ಬೇಕು. ಬೇಸಗೆಯಲ್ಲಿ ನೀರು ಇನ್ನೂ ಹೆಚ್ಚು. ಒಂದು ದನವನ್ನು ಬಿಡಿಸಿ ತರುವವನು ಮೊದಲು ಇದನ್ನು 365ರಿಂದ ಗುಣಿಸಿ, ಬಳಿಕ ಅದು ಬದುಕಬಹುದಾದ ವರ್ಷಗಳಿಂದ ಗುಣಿಸಿ ನೋಡಲಿ. ಆ ಲೆಕ್ಕವನ್ನು ಹೊರಲಾರದ ಕಡೆ ಇನ್ನೊಂದು ದನವನ್ನು ಸೇರಿಸುವುದಕ್ಕಿಂತ, ಇರುವ ದನಕ್ಕೆ ಹೊಟ್ಟೆತುಂಬ ಕೊಡುವುದೇ ಲೇಸು.

ದಾನ ಮಾಡುವವರು ಫಲಕದ ಬದಲು ಒಂದು ವರ್ಷದ ಮೇವಿಗೆ, ಒಬ್ಬ ಕೆಲಸಗಾರನ ಸಂಬಳಕ್ಕೆ, ಕಾಲುಬಾಯಿ ಜ್ವರದ ಲಸಿಕೆಗೆ, 2022ರಲ್ಲಿ ನಮ್ಮ ರೈತರನ್ನು ಅಳಿಸಿದ ಚರ್ಮಗಂಟು ರೋಗದಂತಹ ಕಷ್ಟಕಾಲದ ಔಷಧಿಗೆ ಕೊಡಲಿ. ಕೊಡುವ ಮೊದಲು ಕಛೇರಿಯಲ್ಲಿ ಕಾಫಿ ಕುಡಿದು ಹಿಂದಿರುಗದೆ, ಕೊಟ್ಟಿಗೆಯ ಹಿಂದಿನ ಮೂಲೆಯವರೆಗೆ ನಡೆದು ನೋಡಲಿ. ನೀರಿನ ತೊಟ್ಟಿಯಲ್ಲಿ ಕೈಯಾಡಿಸಲಿ. ಸತ್ತ ದನಗಳ ಲೆಕ್ಕವನ್ನು ಕೇಳಲಿ. ಸಂಸ್ಥೆಗಳನ್ನು ನಡೆಸುವ ಹಿರಿಯರು ಈ ಪ್ರಶ್ನೆಯನ್ನು ಅವಮಾನವೆಂದು ಭಾವಿಸದಿರಲಿ. ನಮ್ಮ ಅಂಗಡಿಯ ಲೆಕ್ಕವನ್ನು ವರ್ಷವರ್ಷವೂ ಪರರಿಂದ ಪರಿಶೋಧಿಸುವ ನಾವು ಜೀವಗಳ ಲೆಕ್ಕಕ್ಕೆ ಹಿಂಜರಿಯುವುದು ಉಚಿತವಲ್ಲ.

ಪ್ರತಿಷ್ಠೆಯಾದ ಬಿಂಬಕ್ಕೆ ನಿತ್ಯಪೂಜೆಯು ತಪ್ಪಬಾರದೆಂಬುದು ನಮ್ಮ ಹಿರಿಯರು ಹಾಕಿದ ಕಟ್ಟಳೆ. ಪೂಜೆಯ ಏರ್ಪಾಡಿಲ್ಲದೆ ಬಿಂಬವನ್ನು ಸ್ಥಾಪಿಸುವ ಸಾಹಸವನ್ನು ಯಾವ ಊರಿನ ಶ್ರಾವಕರೂ ಮಾಡರು. ಆಸರೆ ಕೊಡುವೆವೆಂದು ಒಳಗೆ ಕರೆತಂದ ಮೂಕ ಜೀವಕ್ಕೂ ಅದೇ ಕಟ್ಟಳೆಯು ಸಲ್ಲಬೇಕು. ಈ ಮಹೋತ್ಸವದ ಪುಣ್ಯಫಲವು ಬಸದಿಯ ಒಳಗೂ ಹೊರಗೂ ಇರುವ ಸಕಲ ಜೀವಿಗಳಿಗೆ ಸಲ್ಲಲಿ.